ಹುಡುಕುಯಂತ್ರದ ಮೊದಲ ಸಾಲು ಯಾರದ್ದು?

ಬೆಂಗಳೂರಿನ ವಿಜಯನಗರದ ಪಕ್ಕದ ಮಾರೇನಹಳ್ಳಿಯಲ್ಲಿ ಕಾಂಡಿಮೆಂಟ್ಸ್ ಅಂಗಡಿ ನಡೆಸುವ ಓದುಗರೊಬ್ಬರು ಕೇಳಿದ್ದಾರೆ: ‘ಕೋಡುಬಳೆ, ನಿಪ್ಪಟ್ಟು ಅಂತ ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ವೆಬ್‌ಸೈಟೇ ಮೊದಲು ಬರೋ ಹಾಗೆ ಮಾಡಿಕೊಡ್ತೀನಿ, ತಿಂಗಳಿಗೆ ಇಷ್ಟು ಕೊಡಿ ಅಂತ ಒಬ್ಬರು ಗ್ಯಾರಂಟಿ ಕೊಡ್ತಿದ್ದಾರೆ. ನಂಬಬಹುದಾ ಸಾರ್? ಇನ್ನೊಬ್ಬರು ಅಂಗಡಿ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್‌ಗೆ ಇನ್ನೊಂದು “ಎ” ಸೇರಿಸಿ, ಎಲ್ಲ ಸರಿಹೋಗುತ್ತೆ ಅಂತಾರೆ.’

ಗ್ಯಾರಂಟಿಯನ್ನು ನಂಬಬೇಡಿ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಕಂಪನಿಯೇ ಹೇಳುತ್ತ ಬಂದಿದೆ. ಜಾಹೀರಾತಿಗೆ ದುಡ್ಡು ಕಟ್ಟಿದರೆ ‘ಪ್ರಾಯೋಜಿತ’ ಎಂಬ ಗುರುತಿನೊಂದಿಗೆ ಮೇಲೆ ಕಾಣಿಸಿಕೊಳ್ಳಬಹುದು. ಅದರ ಕೆಳಗಿನ ಸಹಜ ಪಟ್ಟಿ ಆ ದುಡ್ಡಿಗೆ ಕದಲುವುದಿಲ್ಲ. ‘ಎ’ ಅಕ್ಷರದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದರ ಬಗ್ಗೆ ನನಗೆ ಸಿಟ್ಟಿದೆ.

ನಾವು ಪದ ಟೈಪ್ ಮಾಡಿದ ಮೇಲೆ ಯಂತ್ರ ಜಗತ್ತನ್ನೆಲ್ಲ ಜಾಲಾಡಲು ಹೊರಡುವುದಿಲ್ಲ. ಪುಟಗಳನ್ನು ಮೊದಲೇ ಓದಿಕೊಂಡು, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ ಯಾವ ಪದ ಯಾವ ಪುಟದಲ್ಲಿದೆ ಎಂದು ಬರೆದಿಟ್ಟುಕೊಂಡಿರುತ್ತದೆ. ಯಾವ ಪುಟವನ್ನು ಮೇಲಿಡಬೇಕು ಎಂಬ ಪ್ರಶ್ನೆಗೆ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಪ್ರಕಟಿಸಿದ ಉತ್ತರ ಸೊಗಸಾಗಿತ್ತು: ಒಂದು ಪುಟ ಇನ್ನೊಂದಕ್ಕೆ ಕೊಟ್ಟ ಲಿಂಕ್ ಒಂದು ಮತ, ಹೆಚ್ಚು ಮತ ಪಡೆದ ಪುಟ ಹಾಕುವ ಮತಕ್ಕೆ ತೂಕವೂ ಹೆಚ್ಚು. ಇಂದು ಲಿಂಕಿನ ಜೊತೆಗೆ ನೂರಾರು ಸಂಕೇತಗಳು ಸೇರಿವೆ. ಆದರೆ ತಳಹದಿ ಬದಲಾಗಿಲ್ಲ. ಯಂತ್ರದ ಬಳಿ ಇರುವುದು ಮನುಷ್ಯರು ಬರೆದು ಹಾಕಿದ್ದು ಮಾತ್ರ.

ಇದನ್ನು ಮರೆತು ‘ಗೂಗಲ್ಲೇ ಹೇಳಿದೆ’ ಎನ್ನುವ ಭ್ರಮೆ ನಮ್ಮಲ್ಲಿ ಬಲವಾಗಿದೆ. ಅದು ಎಷ್ಟು ಪೊಳ್ಳು ಎಂಬುದನ್ನು ಕನ್ನಡಿಗರು 2021ರ ಜೂನ್ 3ರಂದು ಕಣ್ಣಾರೆ ಕಂಡರು. ಭಾರತದ ಅತಿ ಕುರೂಪದ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ದೊಡ್ಡ ಚೌಕದೊಳಗೆ ‘ಕನ್ನಡ’ ಎಂದು ತೋರಿಸುತ್ತಿತ್ತು. ನಾಡೆಲ್ಲ ಕೆರಳಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು. ಅದೇ ದಿನ ಗೂಗಲ್ ಆ ಉತ್ತರವನ್ನು ತೆಗೆದು, ಇದು ತನ್ನ ಅಭಿಪ್ರಾಯವಲ್ಲ ಎಂದು ಹೇಳಿ ಕ್ಷಮೆ ಕೇಳಿತು.

ಆ ಸಿಟ್ಟು ನ್ಯಾಯವಾದದ್ದೇ. ಆದರೆ ಉತ್ತರ ಬಂದದ್ದು ಎಲ್ಲಿಂದ ಎಂಬುದು ಸಿಟ್ಟಿನ ಗದ್ದಲದಲ್ಲಿ ಮುಚ್ಚಿಹೋಯಿತು. ಅದರ ಮೂಲ ಭಾಷಾಶಾಸ್ತ್ರಕ್ಕೆ ಯಾವ ರೀತಿಯಲ್ಲೂ ಸಂಬಂಧಪಡದ ಒಂದು ವೆಬ್‌ಸೈಟ್. ಅದರ ಹೆಸರಿನಲ್ಲಿದ್ದದ್ದು ಸಾಲ ತೀರಿಸುವ ಮಾತು. ಅಂಥ ಪುಟ ಮೊದಲ ಸ್ಥಾನಕ್ಕೆ ಏರಿದ್ದು ಹೇಗೆ? ಎದುರಾಳಿಯೇ ಇರಲಿಲ್ಲ! ಭಾಷೆಯಲ್ಲಿ ಕುರೂಪ ಎಂಬುದೇ ಇಲ್ಲ ಎಂದು ಬಲ್ಲ ಯಾವ ವಿದ್ವಾಂಸರೂ ಆ ಪದಗಳನ್ನು ಜೋಡಿಸಿ ಪುಟ ಬರೆದಿರಲಿಲ್ಲ. ಬಲ್ಲವರು ಸುಮ್ಮನಿದ್ದ ಕಡೆ ಅರಿಯದವರೊಬ್ಬರು ನಾಲ್ಕು ಸಾಲು ಗೀಚಿದ್ದರು. ಯಂತ್ರ ಪ್ರಶ್ನೆಯ ಪದಗಳನ್ನು ಹೊಂದಿಸಿ ನೋಡಿತು. ಹೊಂದಿದ್ದನ್ನು ಎತ್ತಿ ತೋರಿಸಿತು. ಪ್ರಶ್ನೆಯೇ ತಪ್ಪು ಎಂದು ಹೇಳುವ ಬುದ್ಧಿ ಅದಕ್ಕಿರಲಿಲ್ಲ.

ಇಂಥ ಖಾಲಿ ಜಾಗವನ್ನು ಮೈಕ್ರೋಸಾಫ್ಟ್‌ನ ಮೈಕೆಲ್ ಗೊಲೆಬಿಯೆವ್‌ಸ್ಕಿ 2018ರಲ್ಲಿ ‘ಡೇಟಾ ವಾಯ್ಡ್’ ಎಂದು ಕರೆದರು. ಬರಹವೇ ಇಲ್ಲದ ಕಡೆ ಯಾರು ಮೊದಲು ಬರೆದರೋ ಅವರದೇ ಮೊದಲ ಸಾಲು, ಬರೆದದ್ದು ಕಸವಾದರೂ ಸರಿ. ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. ಗಲಾಟೆಯ ಸುದ್ದಿ ಬರೆದ ಪತ್ರಿಕೆಗಳೆಲ್ಲ ಅದೇ ಇಂಗ್ಲಿಷ್ ಪದಗಳನ್ನು ಬಳಸಿದ್ದರಿಂದ ಆ ಖಾಲಿ ಜಾಗ ಒಂದೇ ದಿನದಲ್ಲಿ ತುಂಬಿತು. ಅದೇ ಪ್ರಶ್ನೆ ಕೇಳಿದವರಿಗೆ ಗೂಗಲ್ ಕ್ಷಮೆ ಕೇಳಿದ ಸುದ್ದಿ ಸಿಗತೊಡಗಿತು.

ಕಾಂಡಿಮೆಂಟ್ಸ್ ಅಂಗಡಿಗೂ ಇದಕ್ಕೂ ಏನು ಸಂಬಂಧ? ಇದೇ ಸಂಬಂಧ. ಕನ್ನಡದಲ್ಲಿ ಇಂಥ ಖಾಲಿ ಜಾಗಗಳು ಎಲ್ಲೆಲ್ಲೂ ಇವೆ. ‘ಕೋಡುಬಳೆ ಮೆತ್ತಗಾಗದಂತೆ ಇಡುವುದು ಹೇಗೆ’ ಎಂಬುದಕ್ಕೆ ಅದನ್ನು ದಿನವೂ ಕರಿಯುವವರು ಕನ್ನಡದಲ್ಲಿ ಬರೆದ ಉತ್ತರ ಬಲು ಅಪರೂಪ.

ಈ ಬರವನ್ನು ಹೆಚ್ಚಿಸಿದ್ದು ನಾವೇ. ಕನ್ನಡ ಲಿಪಿ 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಇದೆ. ಆದರೂ ಬಹುಕಾಲ ಹಳೆಯ ಫಾಂಟ್‌ಗಳಲ್ಲೇ ಟೈಪ್ ಮಾಡಿದೆವು. ಅವುಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ, ಕಡತದೊಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಅರ್ಥವಿಲ್ಲದ ಸಾಲು. ಯಂತ್ರ ಓದುವುದು ಒಳಗಿನದನ್ನು. ಎಷ್ಟೋ ವರ್ಷಗಳ ಕನ್ನಡ ಬರಹ ಹೀಗೆ ಹುಡುಕಾಟಕ್ಕೆ ಸಿಗದೆ ಉಳಿಯಿತು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಇವತ್ತಿಗೂ ಅಂಗಡಿಯ ದರಪಟ್ಟಿಯನ್ನು ಡಿಟಿಪಿಯಲ್ಲಿ ಮಾಡಿಸಿ, ಫೋಟೊ ತೆಗೆದು ವೆಬ್‌ಸೈಟಿಗೆ ಏರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದನ್ನು ಅಕ್ಷರದಲ್ಲೇ ಬರೆಯಿರಿ.

ಯೂನಿಕೋಡಿನಲ್ಲೂ ನನಗೆ ಬಲು ಇಷ್ಟವಾದ ಒಂದು ಬೆರಗಿದೆ. ‘ಕಾಂಡಿಮೆಂಟ್ಸ್‌ಗೆ’ ಎಂದು ಬರೆಯುವಾಗ ‘ಗೆ’ ಒತ್ತಕ್ಷರವಾಗಿ ಹಿಂದಿನ ಅಕ್ಷರದ ಕೆಳಗೆ ಇಳಿಯದಂತೆ ನಡುವೆ ಒಂದು ಅಕ್ಷರ ನಿಂತಿದೆ. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ, ಉಚ್ಚಾರವೂ ಇಲ್ಲ. ಅದನ್ನು ತೆಗೆದರೆ ಪದ ‘ಕಾಂಡಿಮೆಂಟ್ಸ್ಗೆ’ ಆಗುತ್ತದೆ. ನಮ್ಮ ಕಿವಿಗೆ ಎರಡೂ ಒಂದೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಮಾತ್ರ, ಆ ಕಾಣದ ಅಕ್ಷರವನ್ನು ದಾಟಿ ನೋಡಲು ಯಾರಾದರೂ ಕಲಿಸದಿದ್ದರೆ, ಇವು ಬೇರೆ ಬೇರೆ ಪದಗಳು. ಇದರ ಮೇಲೆ ನಮ್ಮ ವಿಭಕ್ತಿಗಳು ಬೇರೆ: ಕೋಡುಬಳೆಯನ್ನು, ಕೋಡುಬಳೆಗೆ, ಕೋಡುಬಳೆಗಳಲ್ಲೇ. ಇವೆಲ್ಲದರ ಬೇರು ಒಂದೇ ಎಂದು ಯಂತ್ರ ಕಲಿಯುವುದು ಕನ್ನಡ ಪಠ್ಯ ಓದಿ ಓದಿಯೇ. ನೀವು ನಿಮ್ಮ ಅಂಗಡಿಯ ಬಗ್ಗೆ ಸಹಜ ಕನ್ನಡದಲ್ಲಿ ಒಂದು ಪುಟ ಬರೆದರೆ ಗಿರಾಕಿಗೂ ಅನುಕೂಲ, ಯಂತ್ರಕ್ಕೂ ಒಂದು ಪಾಠ.

ಇನ್ನು ಊರಿನ ತೊಡಕು. ಬೆಂಗಳೂರಿನಲ್ಲಿ ಮಾರೇನಹಳ್ಳಿ ಒಂದೇ ಅಲ್ಲ. ಜೆ.ಪಿ. ನಗರದ ಕಡೆಯೂ ಒಂದಿದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕ್ಕರ್ ಮೇಲ್ಸೇತುವೆ 2024ರಲ್ಲಿ ತೆರೆದದ್ದು ಅಲ್ಲಿನ ಮಾರೇನಹಳ್ಳಿ ರಸ್ತೆಯ ಮೇಲೆ. ಅದರ ಬಗ್ಗೆ ಬಂದ ಸುದ್ದಿ ರಾಶಿ ರಾಶಿ. ಬರೀ ‘ಮಾರೇನಹಳ್ಳಿ’ ಎಂದು ಬರೆದುಕೊಂಡರೆ ಆ ರಾಶಿಯಡಿ ನೀವು ಕಳೆದುಹೋಗುತ್ತೀರಿ. ‘ವಿಜಯನಗರದ ಮಾರೇನಹಳ್ಳಿ’ ಎಂದೇ ಬರೆಯಿರಿ; ಅಡ್ಡರಸ್ತೆ, ಹತ್ತಿರದ ದೇವಸ್ಥಾನ ಅಥವಾ ಬಸ್ ಸ್ಟಾಪು, ಪಿನ್ ಕೋಡು ಎಲ್ಲ ಇರಲಿ.

ಅಂಗಡಿಗಳನ್ನು ಜೋಡಿಸುವಾಗ ಗೂಗಲ್ ಮುಖ್ಯವಾಗಿ ಮೂರು ಸಂಗತಿ ನೋಡುವುದಾಗಿ ತಾನೇ ಹೇಳಿಕೊಂಡಿದೆ: ಹುಡುಕಿದ್ದಕ್ಕೂ ಅಂಗಡಿಗೂ ಇರುವ ಹೊಂದಾಣಿಕೆ, ಹುಡುಕುವವರಿಂದ ಅಂಗಡಿಗಿರುವ ದೂರ, ಅಂಗಡಿಯ ಹೆಸರುವಾಸಿ. ಈ ದೂರ ಎಂಬುದನ್ನು ಗಮನಿಸಿ. ವಿಜಯನಗರ ಬಸ್ ನಿಲ್ದಾಣದಲ್ಲಿ ನಿಂತು ‘ಕಾಂಡಿಮೆಂಟ್ಸ್’ ಎಂದು ಹುಡುಕಿದಾಗ ನನಗೆ ಬಂದ ಪಟ್ಟಿಯೇ ಬೇರೆ, ಕೆಂಗೇರಿಯಲ್ಲಿ ಬಂದದ್ದೇ ಬೇರೆ. ಅಂದಮೇಲೆ ‘ನಂಬರ್ ಒನ್’ ಎಂಬ ಒಂದೇ ಸ್ಥಾನ ಊರಿಗೆಲ್ಲ ಇರುವುದಾದರೂ ಹೇಗೆ? ಇಲ್ಲದ ಜಾಗವನ್ನು ತಿಂಗಳ ಲೆಕ್ಕದಲ್ಲಿ ನಿಮಗೆ ಮಾರುತ್ತಿದ್ದಾರೆ.

ಈಗ ‘ಎ’ ಅಕ್ಷರ. ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಅಂಗಡಿ ಹೆಸರಿನ ಸ್ಪೆಲಿಂಗ್ ತಿರುಚಿಸುವ ಈ ಪಿಡುಗು ಹುಡುಕಾಟದ ಕಾಲದಲ್ಲಿ ನೇರ ನಷ್ಟ. ತಪ್ಪಾಗಿ ಟೈಪ್ ಮಾಡಿದ ಪದವನ್ನು ಯಂತ್ರ ತಿದ್ದಿಕೊಳ್ಳುವುದು ನಿಜ. ಆದರೆ ಆ ತಿದ್ದುವಿಕೆಯನ್ನು ಅದು ಕಲಿತದ್ದು ಲಕ್ಷಾಂತರ ಜನ ಮತ್ತೆ ಮತ್ತೆ ಹುಡುಕುವ ಹೆಸರುಗಳಿಂದ. ನಿಮ್ಮದು ಒಂದು ಬಡಾವಣೆಯ ಅಂಗಡಿ. ಗಿರಾಕಿ ಕಿವಿಯಲ್ಲಿ ಕೇಳಿದ ಹಾಗೆ ಟೈಪ್ ಮಾಡುತ್ತಾರೆ. ಬೋರ್ಡಿನಲ್ಲಿ ಜ್ಯೋತಿಷಿ ಸೇರಿಸಿದ ಅಕ್ಷರ ಅವರಿಗೇನು ಗೊತ್ತು? ಬೋರ್ಡಿನಲ್ಲಿ ಒಂದು ಸ್ಪೆಲಿಂಗ್, ಬಿಲ್ಲಿನಲ್ಲಿ ಇನ್ನೊಂದು, ಮ್ಯಾಪಿನಲ್ಲಿ ಮತ್ತೊಂದು ಆದರೆ ಒಂದೇ ಅಂಗಡಿ ಯಂತ್ರದ ಕಣ್ಣಿಗೆ ಮೂರಾಗಿ ಕಂಡೀತು.

ವೆಬ್‌ಸೈಟಿನೊಳಗೂ ಇಂಥದೇ ಮೂಢನಂಬಿಕೆ ನಡೆಯುತ್ತದೆ. ಪುಟದ ಮರೆಯಲ್ಲಿ ‘ಕೀವರ್ಡ್ಸ್’ ಎಂಬ ಪಟ್ಟಿಯನ್ನು ಮಂತ್ರದಂತೆ ತುರುಕುವವರು ಇನ್ನೂ ಇದ್ದಾರೆ. ಶ್ರೇಯಾಂಕಕ್ಕೆ ಆ ಪಟ್ಟಿಯನ್ನು ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಸಾರಿದೆ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಪದ ತುಂಬುವುದು, ಲಿಂಕ್ ಕೊಳ್ಳುವುದು ಇವೆಲ್ಲ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಇರುವ ಸ್ಥಾನವೂ ಹೋಗುತ್ತದೆ.

ಮ್ಯಾಪಿನಲ್ಲಿ ಅಂಗಡಿ ನೋಂದಾಯಿಸಲು ದುಡ್ಡು ಬೇಕಿಲ್ಲ. ತೆರೆಯುವ, ಮುಚ್ಚುವ ಸಮಯ ಸರಿಯಾಗಿರಲಿ, ಹಬ್ಬದ ರಜೆಯೂ ಸೇರಿ. ಗಿರಾಕಿಗಳು ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳನ್ನು, ಯಾವ ಎಣ್ಣೆ, ಎಷ್ಟು ದಿನ ಕೆಡುವುದಿಲ್ಲ, ಗೌರಿ ಹಬ್ಬಕ್ಕೆ ಎಷ್ಟು ದಿನ ಮುಂಚೆ ಆರ್ಡರ್ ಹೇಳಬೇಕು, ಇವನ್ನು ಅವರ ಮಾತಿನಲ್ಲೇ ಉತ್ತರದೊಂದಿಗೆ ಬರೆದಿಡಿ. ಫಲ ಕಾಣಲು ತಿಂಗಳುಗಳೇ ಹಿಡಿದಾವು.

ಇಷ್ಟಾದ ಮೇಲೂ ಆ ಗ್ಯಾರಂಟಿಯವರು ಬಂದರೆ ಎರಡು ಮಾತು ಕೇಳಿ: ಯಾವ ಪದಗಳಿಗೆ ಮೊದಲ ಸ್ಥಾನ, ಯಾವ ಬಡಾವಣೆಯಲ್ಲಿ ನಿಂತು ಹುಡುಕಿದವರಿಗೆ? ಉತ್ತರವನ್ನು ಬರಹದಲ್ಲಿ ಕೊಡಲಿ. ಕೊಡದಿದ್ದರೆ ಮುಂಗಡ ಕೊಡಬೇಡಿ.