ಗಂಟೆಗಿಂತ ಮೊದಲು ತಲುಪಿದ ಸುದ್ದಿ

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಸಾವಿನ ಸುದ್ದಿ ಹರಡುವುದಕ್ಕೆ ಹಿಂದೆ ಒಂದು ಕ್ರಮವಿತ್ತು. ಮನೆಯವರು ಮೊದಲು ವಾಳೆಯ ಗುರಿಕಾರರಿಗೆ ತಿಳಿಸುತ್ತಿದ್ದರು. ಗುರಿಕಾರರು ಧರ್ಮಗುರುಗಳ ಬಳಿ ಹೋಗುತ್ತಿದ್ದರು. ಆಮೇಲೆ ಚರ್ಚಿನ ಗಂಟೆ. ಗದ್ದೆಯಲ್ಲಿದ್ದವರು ಕೆಲಸ ನಿಲ್ಲಿಸಿ, ಯಾರು ತೀರಿಕೊಂಡರೆಂದು ವಿಚಾರಿಸುತ್ತಿದ್ದರು. ಮನೆಯವರು ಹೇಳಿ ಕಳುಹಿಸುವ ಮೊದಲೇ ಗಂಟೆ ಬಾರಿಸಿದ್ದನ್ನು ನಾವಂತೂ ಕಂಡಿಲ್ಲ.

ಈಗ ಹೆಚ್ಚಿನ ವಾಳೆಗಳಲ್ಲಿ ವಾಟ್ಸ್‌ಆ್ಯಪ್ ಗುಂಪು ಇದೆ. ಸಂತೋಷದ ವಿಷಯವೇ. 2020ರ ಲಾಕ್‌ಡೌನ್ ದಿನಗಳಲ್ಲಿ ಚರ್ಚ್‌ಗಳ ಬಾಗಿಲು ಮುಚ್ಚಿದ್ದಾಗ ಒಂಟಿಯಾಗಿದ್ದ ಹಿರಿಯರಿಗೆ ಮದ್ದು, ಅಕ್ಕಿ ತಲುಪಿಸಲು ಇಂತಹ ಗುಂಪುಗಳೇ ನೆರವಾದವು. ದುಬೈ, ಕುವೈತ್‌ಗಳಲ್ಲಿ ದುಡಿಯುವವರಿಗೆ ಊರಿನ ವಾಳೆ ಎಂದರೆ ಇಂದು ಬಹುಮಟ್ಟಿಗೆ ಈ ಗುಂಪೇ. ಆದರೆ ಸುದ್ದಿಯ ಹಳೆಯ ಕ್ರಮವನ್ನು ಅದು ತಲೆಕೆಳಗು ಮಾಡಿದೆ. ಇದನ್ನು ಬರೆಯಲು ನಮಗೆ ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ವಾಳೆಯೊಂದರ ಗುಂಪಿನಲ್ಲಿ ಹಿರಿಯ ತಾಯಿಯೊಬ್ಬರ ಫೋಟೋ, ಅದರ ಕೆಳಗೆ ಸಂತಾಪದ ಮಾತು ಬಂತು. ನಾವು ಅದನ್ನೇ ತೆಗೆದು ಒಂದು ಗಂಟೆಯೊಳಗೆ ಈ ಜಾಲತಾಣದಲ್ಲಿ ಪ್ರಕಟಿಸಿದೆವು. ಆಗ ಅವರ ಕಿರಿಯ ಮಗ ಕುವೈತಿನಲ್ಲಿ ಕೆಲಸದ ಮೇಲಿದ್ದರು. ಅದೇ ನಗರದಲ್ಲಿದ್ದ ಅಣ್ಣ, ತಮ್ಮನ ಬಳಿ ಹೋಗಿ ಎದುರಿಗೆ ಕುಳಿತು ತಿಳಿಸಬೇಕೆಂದು ಹೊರಟಿದ್ದರು. ಅವರು ತಲುಪುವ ಮೊದಲೇ ತಮ್ಮ ನಮ್ಮ ಪುಟವನ್ನು ತೆರೆದು ನೋಡಿದ್ದರು. ಅಂತ್ಯಕ್ರಿಯೆಯ ಬಳಿಕ ಅವರು ನಮಗೆ ಫೋನ್ ಮಾಡಿದರು. ಕೋಪವಿರಲಿಲ್ಲ. "ಸುದ್ದಿ ಸರಿಯೇ ಇತ್ತು ಫಾದರ್, ಆದರೆ ಅದನ್ನು ಅಣ್ಣ ಹೇಳಬೇಕಿತ್ತು" ಎಂದರು. ಕ್ಷಮೆ ಕೇಳುವುದು ಬಿಟ್ಟರೆ ನಮ್ಮಲ್ಲಿ ಬೇರೆ ಮಾತಿರಲಿಲ್ಲ.

ಗುಂಪಿನಲ್ಲಿ ನಂಬಿಕೆ ಹೇಗೆ ಕೆಲಸ ಮಾಡುತ್ತದೆಂಬುದು ನಮಗೆ ಅರ್ಥವಾದದ್ದು ಆಮೇಲೆ. ಪಕ್ಕದ ಮನೆಯವರನ್ನು ನಾವು ಇಪ್ಪತ್ತು ವರ್ಷದಿಂದ ಬಲ್ಲೆವು, ನಂಬುತ್ತೇವೆ. ಅವರು ಕಳುಹಿಸಿದ ಸಂದೇಶವನ್ನೂ ನಂಬುತ್ತೇವೆ. ಆದರೆ ಆ ಸಂದೇಶ ಅವರ ಮಾತಲ್ಲ, ಎಲ್ಲಿಂದಲೋ ಬಂದದ್ದು. ಮನುಷ್ಯನ ಮೇಲಿನ ನಂಬಿಕೆ, ಅವನಿಗೇ ಗೊತ್ತಿಲ್ಲದ ಸಂಗತಿಗೂ ಅಂಟಿಕೊಳ್ಳುತ್ತದೆ. ಅಪರಿಚಿತನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದರೆ ನಾವು ಅಷ್ಟು ಬೇಗ ನಂಬುತ್ತಿರಲಿಲ್ಲ.

ಇದರ ಬೆಲೆ ಪ್ರಾಣವೂ ಆಗಬಹುದು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರೊಬ್ಬರನ್ನು ಜನರು ಹೊಡೆದು ಕೊಂದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ ಮಕ್ಕಳ ಕಳ್ಳರೆಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತ್ತು. ಇಂತಹ ಹಲವು ಹತ್ಯೆಗಳ ಬೆನ್ನಿಗೆ ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5ಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡದಂತೆ ಮಿತಿ ಪ್ರಕಟಿಸಿತು. ಹಲವು ಕೈ ದಾಟಿದ ಸಂದೇಶಕ್ಕೆ ಎರಡು ಬಾಣಗಳ ಗುರುತಿರುತ್ತದೆ. 2020ರ ಏಪ್ರಿಲ್‌ನಲ್ಲಿ ಅದನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿಗೊಳಿಸಲಾಯಿತು. ಆ ಬಾಣಗಳನ್ನು ಗಮನಿಸುವವರು ನಮ್ಮಲ್ಲಿ ಎಷ್ಟು ಮಂದಿ?

ಅಷ್ಟು ಘೋರವಲ್ಲದಿದ್ದರೂ ದಿನನಿತ್ಯ ಕಾಣುವ ಉದಾಹರಣೆ, ರಕ್ತ ಬೇಕೆಂಬ ಸಂದೇಶ. ಅದರಲ್ಲಿ ತಾರೀಕು ಇರುವುದಿಲ್ಲ. ರೋಗಿ ಗುಣಮುಖರಾಗಿ ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಸಂದೇಶ ಸುತ್ತುತ್ತಲೇ ಇರುತ್ತದೆ. ಅದನ್ನು ನಂಬಿ ಬೈಕ್ ಏರಿ ಆಸ್ಪತ್ರೆಗೆ ಹೋಗಿ ಬರಿಗೈಯಲ್ಲಿ ಮರಳಿದ ಯುವಕ, ಮುಂದಿನ ಸಲ ನಿಜವಾಗಿ ಅಗತ್ಯ ಬಿದ್ದಾಗ ಏಳುವುದಿಲ್ಲ. ತಾರೀಕು, ಆಸ್ಪತ್ರೆ, ಮನೆಯವರ ನಂಬರು ಹಾಕಿದರೆ ಸಾಲದು. ರಕ್ತ ಸಿಕ್ಕಿದ ಕೂಡಲೇ 'ಸಿಕ್ಕಿದೆ, ವಂದನೆಗಳು' ಎಂದು ಬರೆಯಬೇಕು. ಬಹಳ ಮಂದಿ ಮರೆಯುವುದು ಈ ಎರಡನೆಯ ಸಂದೇಶವನ್ನೇ. ಚಿಕಿತ್ಸೆಗೆಂದು ಹಣ ಸಂಗ್ರಹಿಸುವಾಗಲೂ ಅಷ್ಟೇ. ಬಂದದ್ದೆಷ್ಟು, ಆಸ್ಪತ್ರೆಗೆ ಕಟ್ಟಿದ್ದೆಷ್ಟು, ಉಳಿದದ್ದೇನಾಯಿತು ಎಂಬ ಲೆಕ್ಕ ಅದೇ ಗುಂಪಿಗೆ ಬಂದರೆ ಮುಂದಿನ ಬಡವನಿಗೂ ದಾರಿ ತೆರೆದಿರುತ್ತದೆ.

ಪೋಪ್ ಫ್ರಾನ್ಸಿಸ್‌ರವರು 2019ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ ಇದೇ ವಿಷಯವನ್ನು ಎತ್ತಿಕೊಂಡಿದ್ದರು. ಜಾಲ ಎಂದರೆ ಒಬ್ಬರನ್ನೊಬ್ಬರು ಹಿಡಿದಿಡುವ ಬಲೆಯೂ ಆಗಬಹುದು, ಸಿಕ್ಕಿಹಾಕಿಸುವ ಬಲೆಯೂ ಆಗಬಹುದು ಎಂಬುದು ಅವರ ಮಾತಿನ ತಿರುಳು. ಎದುರುಬದುರಿನ ಭೇಟಿಗೆ ದಾರಿ ಮಾಡಿಕೊಟ್ಟರೆ ಜಾಲ ಒಳ್ಳೆಯದು, ಭೇಟಿಯ ಬದಲಿಗೆ ನಿಂತರೆ ಅಲ್ಲ ಎಂದವರು ಎಚ್ಚರಿಸಿದ್ದರು. ಬಲೆ ಹೆಣೆಯುವವರ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಫೋನ್ ಕರೆಯ ನಂತರ ಮನೆಯವರಲ್ಲೊಬ್ಬರು ಸ್ವತಃ ತಿಳಿಸದೆ ಸಾವಿನ ಸುದ್ದಿ ಪ್ರಕಟಿಸುವುದನ್ನು ನಾವು ನಿಲ್ಲಿಸಿದ್ದೇವೆ. ಬೇರೆ ತಾಣಗಳಲ್ಲಿ ಸುದ್ದಿ ಬಂದು ಎರಡು ಗಂಟೆ ಕಳೆದ ಮೇಲೆ ನಮ್ಮಲ್ಲಿ ಬಂದದ್ದೂ ಉಂಟು. ಯಾಕೆ ತಡವೆಂದು ಕೆಲವು ಓದುಗರು ಗದರಿಸಿದ್ದೂ ಉಂಟು.

ಆ ತಾಯಿಯ ವಾಳೆಯವರೂ ಕೂಟದಲ್ಲಿ ಕುಳಿತು ಚರ್ಚಿಸಿ ಒಂದು ನಿಯಮ ಮಾಡಿಕೊಂಡರು. ಸಾವಿನ ಸುದ್ದಿಯನ್ನು ಗುರಿಕಾರರು ಮಾತ್ರ ಹಾಕಬೇಕು, ಅದೂ ಪರದೇಶದಲ್ಲಿರುವ ಮಕ್ಕಳಿಗೆ ತಿಳಿಯಿತೇ ಎಂದು ಮನೆಯವರನ್ನು ಕೇಳಿದ ಮೇಲೆ. ಮೊದಲ ಕೆಲವು ತಿಂಗಳು ಎರಡು ಸಲ ನಿಯಮ ಮುರಿಯಿತು. ಗುರಿಕಾರರು ಗುಂಪಿನಲ್ಲಿ ಯಾರನ್ನೂ ಗದರಿಸದೆ ಅವರ ಮನೆಗೇ ಹೋಗಿ ಮಾತನಾಡಿ ಬಂದರು. ಈಗ ಹೇಳಬೇಕಾಗಿಲ್ಲವಂತೆ.

ಅದೇ ವಾಳೆಯಲ್ಲಿ ಆರು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇಲ್ಲ. ಗುಂಪಿಗೆ ಸಂದೇಶ ಹಾಕಿದ ಮೇಲೆ ಗುರಿಕಾರರು ಸ್ಕೂಟರ್ ತೆಗೆದು ಆ ಆರು ಮನೆಗಳಿಗೂ ಹೋಗಿ ಹೇಳಿ ಬರುತ್ತಾರೆ.