ಸುಗ್ರೀವನ ಶಂಕೆ, ಹನುಮನ ಉತ್ತರ

ಅದ್ಭುತ ಕಥೆಗಳಲ್ಲಿ ದುಷ್ಟರ ಕುಟಿಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಒಳ್ಳೆಯವರು ಒಳ್ಳೆಯವರನ್ನೇ ಶಂಕಿಸುವ ಗಳಿಗೆ. ವಾಲ್ಮೀಕಿ ರಾಮಾಯಣದ ಭರತನನ್ನೇ ನೋಡಿ. ಅಣ್ಣನನ್ನು ಮರಳಿ ಕರೆತರಲು ಹೊರಟವನನ್ನು ಗಂಗೆಯ ದಡದಲ್ಲಿ ಗುಹ ಅನುಮಾನಿಸುತ್ತಾನೆ. ಭರದ್ವಾಜರ ಆಶ್ರಮದಲ್ಲೂ ಅದೇ ಪ್ರಶ್ನೆ. ಚಿತ್ರಕೂಟದಲ್ಲಿ ಮರವೇರಿ ಸೈನ್ಯವನ್ನು ಕಂಡ ಲಕ್ಷ್ಮಣ, ಭರತನನ್ನು ಕೊಂದೇಬಿಡುತ್ತೇನೆಂದು ಕೆರಳುತ್ತಾನೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ರಾಮನ ಮೇಲಿನ ಪ್ರೀತಿಯೇ ಅವರ ಕಣ್ಣಿಗೆ ಪೊರೆಯಾಗಿತ್ತು.

ನಾನು ವಾಸಿಸುವುದು ಶ್ರೀಗಂಧದ ಕಾವಲಿನಲ್ಲಿ. ಹಳೆಯ ಮೈಸೂರು ಸೀಮೆಯಲ್ಲಿ ಕಾವಲ್ ಎಂದರೆ ಕಾಯ್ದಿರಿಸಿದ ಹುಲ್ಲುಗಾವಲು. ಈಗ ಹುಲ್ಲಿಲ್ಲ, ಕಾಯುವುದು ಮಾತ್ರ ಉಳಿದಿದೆ. ಬಾಡಿಗೆಗೆ ಮನೆ ಕೇಳಿ ಬಂದವರಿಗೆ ಊರು, ಉದ್ಯೋಗ, ಊಟದ ಬಗೆ, ಕೊನೆಗೆ ‘ನೀವು ಯಾವ ಜನ?’ ಎಂಬವರೆಗೆ ವಿಚಾರಣೆ. ವಿಚಾರಿಸುವವರು ಹಬ್ಬಕ್ಕೆ ಒಬ್ಬಟ್ಟು ಕಳಿಸುವ ಸಜ್ಜನರೇ. ಆ ಮಾತುಕತೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಕಡಲ ದಡಕ್ಕೆ ಬಂದ ವಿಭೀಷಣ ನೆನಪಾಗುತ್ತಾನೆ.

ನಾಲ್ವರು ಅನುಚರರೊಡನೆ ಶರಣು ಕೋರಿ ಬಂದ ಅವನನ್ನು ಕೊಲ್ಲಬೇಕೆನ್ನುವವನು ಸುಗ್ರೀವ. ಆಪತ್ತಿನಲ್ಲಿ ಅಣ್ಣನನ್ನೇ ತೊರೆದವನು ಇನ್ನಾರನ್ನು ತೊರೆಯಲಾರ ಎಂಬುದು ಅವನ ವಾದ. ವಾಲಿಯ ತಮ್ಮನ ಬಾಯಲ್ಲಿ ಈ ಮಾತು! ಆದರೂ ಸುಗ್ರೀವನನ್ನು ಹಗುರವಾಗಿ ಕಾಣುವುದು ಸಲ್ಲದು. ರಾಮ ನಂಬಿ ಮೋಸಹೋದರೆ ಸಾಯುವವರು ವಾನರರು. ಅವರ ಅರಸನಿಗೆ ಶಂಕಿಸುವ ಹಕ್ಕಿದೆ. ಜಾಂಬವಂತನೂ ಎಚ್ಚರಿಸುತ್ತಾನೆ. ಶರಭ ಗೂಢಚಾರರನ್ನು ಕಳಿಸೋಣವೆನ್ನುತ್ತಾನೆ, ಮೈಂದ ಪ್ರಶ್ನಿಸಿ ನೋಡೋಣವೆನ್ನುತ್ತಾನೆ.

ಹನುಮಂತ ಮಾತ್ರ ಬೇರೆ ದಾರಿ ಹಿಡಿಯುತ್ತಾನೆ. ಕೆಲಸಕ್ಕೆ ಹಚ್ಚದೆ ಒಬ್ಬನ ಗುಣ ತಿಳಿಯದು. ಬಂದೊಡನೆ ಪ್ರಶ್ನಿಸಿದರೆ ಬುದ್ಧಿವಂತನ ಮನಸ್ಸಿನಲ್ಲಿ ಶಂಕೆ ಹುಟ್ಟಿ, ಮಿತ್ರನಾಗಿ ಬಂದವನೂ ಕೆಡುತ್ತಾನೆ. ವಾಲಿ ಅಳಿದು ಸುಗ್ರೀವನಿಗೆ ಪಟ್ಟವಾದುದನ್ನು ಕೇಳಿ, ರಾಜ್ಯದ ಆಸೆಯಿಂದಲೇ ಇವನು ಬಂದಿರಬೇಕು ಎಂದೂ ಅವನು ಸೇರಿಸುತ್ತಾನೆ. ನಂಬಿಕೆಗೆ ಪಾತ್ರನಾಗಲು ಆಗಂತುಕ ಸಂತನಾಗಿರಬೇಕಿಲ್ಲ ಎಂಬ ಈ ವಿವೇಕ ನನಗೆ ಬಹಳ ಪ್ರಿಯ.

ಹನುಮನ ಮಾತಿಗೆ ಸಾಕ್ಷಿಯಂತಿರುವ ಪ್ರಸಂಗವೊಂದು ಟೋಲ್ಕಿನ್ನನ ‘ದಿ ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿದೆ (1954–55). ಫ್ರೋಡೊನ ಕರುಣೆಗೆ ಕರಗತೊಡಗಿದ್ದ ಗೊಲ್ಲಮ್, ನಿದ್ರಿಸುತ್ತಿದ್ದ ಅವನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ. ಅಷ್ಟರಲ್ಲಿ ಎಚ್ಚೆತ್ತ ಸ್ಯಾಮ್ ಗದರಿಬಿಡುತ್ತಾನೆ. ಸ್ಯಾಮ್‌ನಂಥ ನಿಷ್ಠಾವಂತ ಆ ಕಥೆಯಲ್ಲೇ ಇನ್ನೊಬ್ಬನಿಲ್ಲ. ಅವನ ಶಂಕೆಗೆ ಕಾರಣವೂ ಇತ್ತು. ಆದರೆ ಗೊಲ್ಲಮ್ ಬದಲಾಗಬಹುದಾಗಿದ್ದ ಆ ಗಳಿಗೆ ಮತ್ತೆ ಬರುವುದಿಲ್ಲ.

ಸ್ವತಃ ರಾವಣನೇ ಬಂದರೂ ಅಭಯವೆಂದು ವಿಭೀಷಣನನ್ನು ಸ್ವೀಕರಿಸಿದ ರಾಮನ ಕತೆ ಅಲ್ಲಿಗೇ ಮುಗಿಯುವುದಿಲ್ಲ ಎಂಬುದು ರಾಮಾಯಣದ ಕಠಿಣ ಸತ್ಯ. ಅಯೋಧ್ಯೆ ಸೇರುವ ಮುನ್ನ ಅವನು ಹನುಮಂತನನ್ನು ಮುಂದಾಗಿ ಕಳಿಸಿ, ತಾನು ಬರುವ ಸುದ್ದಿ ಕೇಳಿದ ಭರತನ ಮುಖಭಾವವನ್ನು ಗಮನಿಸಲು ಹೇಳುತ್ತಾನೆ. ಹದಿನಾಲ್ಕು ವರ್ಷ ಪಾದುಕೆ ಕಾದ ತಮ್ಮನ ವಿಷಯದಲ್ಲಿ! ಅದಕ್ಕೂ ಮೊದಲು, ಲಂಕೆಯಲ್ಲಿ, ಸೀತೆಯ ಸರದಿ ಬಂದು ಹೋಗಿತ್ತು. ಶತ್ರುವಿನ ತಮ್ಮನಿಗೆ ಒಂದೇ ಸಭೆಯಲ್ಲಿ ದಕ್ಕಿದ ನಂಬಿಕೆ ಹೆಂಡತಿಗೆ ದಕ್ಕಲಿಲ್ಲ. ಶಂಕೆ ರಾಮನದು, ಅದರ ಸುಂಕ ತೆತ್ತವಳು ಅವಳು. ನಮ್ಮ ಬೀದಿಯಲ್ಲೂ ಬಾಡಿಗೆಗೆ ಬಂದವನ ಆಧಾರ್ ಕಾರ್ಡ್ ಕೇಳುವ ಮನೆಯೊಡೆಯ ತನ್ನದನ್ನು ತೋರಿಸಿದ್ದನ್ನು ನಾನು ಕಂಡಿಲ್ಲ.

ಕುವೆಂಪು ಈ ಲೆಕ್ಕವನ್ನು ಒಪ್ಪಲಿಲ್ಲ. ಅವರಿಗೆ 1967ನೇ ಸಾಲಿನ ಜ್ಞಾನಪೀಠ ತಂದುಕೊಟ್ಟ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಬ್ಬಳೇ ಬೆಂಕಿಗೆ ಇಳಿಯುವುದಿಲ್ಲ. ರಾಮನೂ ಇಳಿಯುತ್ತಾನೆ.