ಕೇಕಿನ ಮೇಲೆ ಮಗುವಿನ ಮೊದಲ ಅಕ್ಷರ

ಕಾಸರಗೋಡಿನ ನಮ್ಮ ಅನೇಕ ಮನೆಗಳಲ್ಲಿ ಮಾತು ಕನ್ನಡ. ಮಗು ಶಾಲೆಯಲ್ಲಿ ಕಲಿಯುವ ಲಿಪಿ ಮಲಯಾಳವೋ ಇಂಗ್ಲಿಷೋ. ಹುಟ್ಟುಹಬ್ಬದ ಕೇಕಿನ ಮೇಲೂ ಹೆಸರು ಇಂಗ್ಲಿಷಿನಲ್ಲೇ. ಈ ಸಲ ಮನೆಯಲ್ಲೇ ಕೇಕ್ ಮಾಡಿ, ಮಗುವಿನ ಹೆಸರಿನ ಮೊದಲ ಕನ್ನಡ ಅಕ್ಷರ ಮೂಡಿಸಿ.

1 ಕಪ್ ಗಟ್ಟಿ ಮೊಸರಿನಲ್ಲಿ ಮುಕ್ಕಾಲು ಕಪ್ ಸಕ್ಕರೆ ಕರಗಿಸಿ. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ ಬೆರೆಸಿ 5 ನಿಮಿಷ ಬಿಡಿ. ನೊರೆ ಎದ್ದ ಮೇಲೆ ಅರ್ಧ ಕಪ್ ಎಣ್ಣೆ, ಜರಡಿ ಹಿಡಿದ ಒಂದೂವರೆ ಕಪ್ ಮೈದಾ ಸೇರಿಸಿ, ಎಣ್ಣೆ ಸವರಿದ ದುಂಡು ಪಾತ್ರೆಗೆ ಕೂಡಲೇ ಸುರಿಯಿರಿ. ತಡವಾದರೆ ನೊರೆ ಇಳಿದು ಕೇಕ್ ಉಬ್ಬುವುದಿಲ್ಲ.

ಗ್ಯಾಸ್ಕೆಟ್, ವೆಯ್ಟ್ ತೆಗೆದ ಕುಕ್ಕರಿನ ತಳದಲ್ಲಿ ಉಪ್ಪು ಹರಡಿ (ನೀರು ಬೇಡ) 10 ನಿಮಿಷ ಕಾಯಿಸಿ. ಒಳಗೆ ಸ್ಟ್ಯಾಂಡಿನ ಮೇಲೆ ಪಾತ್ರೆಯಿಟ್ಟು ಸಣ್ಣ ಉರಿಯಲ್ಲಿ 40–45 ನಿಮಿಷ ಬೇಯಿಸಿ. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟಬಾರದು.

ಪೂರ್ತಿ ಆರಿದ ಮೇಲೆ, ದಪ್ಪ ಕಾಗದದಲ್ಲಿ ಕತ್ತರಿಸಿದ ಅಕ್ಷರವನ್ನು ಕೇಕಿನ ಮೇಲಿಟ್ಟು ಸಕ್ಕರೆ ಪುಡಿ ಉದುರಿಸಿ. ಕಾಗದ ಎತ್ತಿದರೆ ಬಿಳಿಯ ನಡುವೆ ಕಂದು ಅಕ್ಷರ. ಪುಟ್ಟ ಮಕ್ಕಳಿಗೆ ಇಡೀ ಗೋಡಂಬಿ, ಸಕ್ಕರೆ ಮಣಿಯ ಅಲಂಕಾರ ಬೇಡ, ಗಂಟಲಿಗೆ ಸಿಕ್ಕೀತು.

ಕಾಗದ ಎತ್ತುವ ಕೆಲಸ ಮಗುವಿಗೇ ಬಿಡಿ. ತನ್ನ ಕೈಯಿಂದ ಮೂಡಿದ ಅಕ್ಷರವನ್ನು ಅದು ಬೇಗ ಮರೆಯದು.